ಲ್ಯಾಟಿನ್‌ನಲ್ಲಿ ‘ಕಳವಳ’ಕ್ಕೆ ಯಾವ ಪದ?

ಪ್ರಶ್ನೆ: ಒಂದು ವರ್ಷದಿಂದ ಲ್ಯಾಟಿನ್ ಕಲಿಯುತ್ತಿದ್ದೇನೆ. ಗಲಿಬಿಲಿ, ಗದ್ದಲ, ಕಳವಳ ಅನ್ನುವುದಕ್ಕೆ ನಿಘಂಟಿನಲ್ಲಿ ಬೇಕಾದಷ್ಟು ಪದ ಸಿಗುತ್ತವೆ: ತುರ್ಬಾ, ತುಮುಲ್ತುಸ್, ಪೆರ್ತುರ್ಬಾತಿಯೋ, ಅಗಿತಾತಿಯೋ, ಮೋತುಸ್, ತ್ರೆಪಿದಾತಿಯೋ, ಸೊಲ್ಲಿಕಿತೂದೋ. ಅರ್ಥ ಮಾತ್ರ ಎಲ್ಲಕ್ಕೂ ಹೆಚ್ಚುಕಡಿಮೆ ಒಂದೇ ಕೊಟ್ಟಿದ್ದಾರೆ. ಯಾವುದನ್ನು ಎಲ್ಲಿ ಬಳಸಬೇಕು? ‘ರಾತ್ರಿಯಿಡೀ ಮನಸ್ಸು ಹೊಯ್ದಾಡುತ್ತಿತ್ತು’ ಎಂಬ ಒಂದು ಸಾಲನ್ನು ಲ್ಯಾಟಿನ್‌ಗೆ ತರಲು ಹೋಗಿ ಮೂರು ದಿನದಿಂದ ಸಿಕ್ಕಿಕೊಂಡಿದ್ದೇನೆ.

ಉತ್ತರ: ಮೂರು ದಿನ ಈ ಪದಗಳ ಜೊತೆ ಕೂತಿದ್ದೀರಲ್ಲ, ಅದು ದಂಡವಾಗಿಲ್ಲ. ಇವು ಹಾಗೆ ಕೂತು ನೋಡಬೇಕಾದ ಪದಗಳೇ. ಒಂದೊಂದರ ಹಿಂದೆಯೂ ಒಂದೊಂದು ಚಿತ್ರವಿದೆ. ಒಂದರಲ್ಲಿ ನೀರು ಕದಡುತ್ತದೆ. ಒಂದರಲ್ಲಿ ಯಾರೋ ದನ ಅಟ್ಟುತ್ತಿದ್ದಾರೆ. ಒಂದರಲ್ಲಿ ಏನೋ ಊದಿಕೊಳ್ಳುತ್ತಿದೆ, ಇನ್ನೊಂದರಲ್ಲಿ ಗಂಟಲು ಬಿಗಿಯುತ್ತಿದೆ. ನಿಘಂಟು ಈ ಚಿತ್ರಗಳನ್ನೆಲ್ಲ ಒರೆಸಿ ಹಾಕಿ, ಉಳಿದದ್ದಕ್ಕೆ ‘ಕಳವಳ’ ಅಂತ ಹೆಸರು ಕೊಡುತ್ತದೆ. ಪದ ಆರಿಸುವಾಗ ನಾನು ಕೇಳಿಕೊಳ್ಳುವುದು ಇಷ್ಟೇ: ಇಲ್ಲಿ ಅಲ್ಲಾಡುತ್ತಿರುವುದು ಏನು? ಅದನ್ನು ಅಲ್ಲಾಡಿಸುತ್ತಿರುವವರು ಯಾರು?

ತುರ್ಬಾದಿಂದ ಶುರು ಮಾಡೋಣ. ಇದಕ್ಕೆ ನಮ್ಮಲ್ಲಿ ಹೇಳಿ ಮಾಡಿಸಿದಂಥ ಪದ ಇದೆ: ಕದಡು. ಕೆರೆಗೆ ಎಮ್ಮೆ ಇಳಿದರೆ ನೀರು ಕದಡುತ್ತದೆ. ಕೆಟ್ಟ ಸುದ್ದಿ ಬಂದರೆ ಮನಸ್ಸು ಕದಡುತ್ತದೆ. ಊರಿನ ಶಾಂತಿಯನ್ನೂ ಕದಡುತ್ತಾರೆ. ಲ್ಯಾಟಿನ್‌ನ ‘ತುರ್ಬಾರೆ’ ಎಂಬ ಕ್ರಿಯಾಪದವೂ ಈ ಮೂರೂ ಕೆಲಸ ಮಾಡುತ್ತದೆ. ಕೆಸರು ಎದ್ದ ನೀರು ‘ತುರ್ಬಿದುಸ್’. ಪದ ಗ್ರೀಕಿನ ‘ತುರ್ಬೇ’ಯ ಬಳಗದ್ದು. ಅಲ್ಲೂ ಅರ್ಥ ಗಲಿಬಿಲಿ, ಗದ್ದಲ.

ಇದನ್ನು ಹತ್ತಿರದಿಂದ ನೋಡಬೇಕಾದರೆ ಲ್ಯಾಟಿನ್ ಬೈಬಲ್‌ನ ಯೋಹಾನನ ಸುವಾರ್ತೆ ತೆಗೆಯಿರಿ. 4ನೇ ಶತಮಾನದ ಕೊನೆಯಲ್ಲಿ ಜೆರೋಮ್ ತಿದ್ದಿ ಕೊಟ್ಟ ಪಾಠ ಅದು. ಕಲಿಯುವವರಿಗೆ ಇಷ್ಟು ಸುಲಭವಾದ ಲ್ಯಾಟಿನ್ ಬೇರೆ ಕಡೆ ಸಿಗುವುದು ಕಷ್ಟ. 5ನೇ ಅಧ್ಯಾಯದಲ್ಲಿ ಒಬ್ಬ ರೋಗಿ ಕೊಳದ ಪಕ್ಕ ಮಲಗಿದ್ದಾನೆ. ಕಾಯಿಲೆ ಬಂದು 38 ವರ್ಷವಾಗಿದೆ. ಕೊಳದ ನೀರು ಕದಡಿದಾಗ ಅದಕ್ಕೆ ಇಳಿದರೆ ಗುಣವಾಗುತ್ತದೆ ಎಂಬ ನಂಬಿಕೆ. ಅವನನ್ನು ಇಳಿಸುವವರು ಯಾರೂ ಇಲ್ಲ. ‘ಕುಮ್ ತುರ್ಬಾತಾ ಫುಎರಿತ್ ಆಕ್ವಾ’, ಅಂದರೆ ‘ನೀರು ಕದಡಿದಾಗ’ ನನ್ನನ್ನು ಒಳಗೆ ಬಿಡುವವರು ಬೇಕಲ್ಲ ಅನ್ನುತ್ತಾನೆ. ಯೇಸು ಅವನನ್ನು ಎಬ್ಬಿಸಿ ನಡೆಸುತ್ತಾರೆ. ಆರು ವಚನ ಕಳೆದ ಮೇಲೆ ಅಲ್ಲಿದ್ದ ಜನರಿಂದ ದೂರ ಸರಿದುಹೋಗುತ್ತಾರೆ. ಆ ಜನಜಂಗುಳಿಗೆ ಬಳಸಿದ ಪದವೇ ‘ತುರ್ಬಾ’. 14ನೇ ಅಧ್ಯಾಯಕ್ಕೆ ಬನ್ನಿ. ಶಿಷ್ಯರಿಗೆ ಧೈರ್ಯ ಹೇಳುತ್ತಾ ‘ನೋನ್ ತುರ್ಬೇತುರ್ ಕೋರ್ ವೆಸ್ತ್ರುಮ್’ ಅನ್ನುತ್ತಾರೆ. ನಿಮ್ಮ ಎದೆ ಕದಡದಿರಲಿ ಅಂತ.

ನೀರು, ಜನ, ಎದೆ. ಒಂದೇ ಪುಸ್ತಕ, ಒಂದೇ ಬೇರು. ನಾನು ಮೊದಲ ಸಲ ಇದನ್ನು ಗಮನಿಸಿದ ದಿನ ಮೂರೂ ಸಾಲನ್ನು ಒಂದು ಹಾಳೆಯಲ್ಲಿ ಒಂದರ ಕೆಳಗೊಂದು ಬರೆದುಕೊಂಡೆ. ನೀವೂ ಹಾಗೆ ಮಾಡಿ ನೋಡಿ. ಒಂದು ವಿಷಯ ಮಾತ್ರ ನೆನಪಿರಲಿ. ಜೆರೋಮ್ ಕಾಲಕ್ಕೆ ‘ತುರ್ಬಾ’ ಬಹಳ ತಣ್ಣಗಾಗಿತ್ತು. ಸುಮ್ನೆ ನಿಂತು ಕೇಳುವ ಜನಕ್ಕೂ ಅದೇ ಪದ ಸಾಕಿತ್ತು. ಹಳೆಯ ಲೇಖಕರಲ್ಲಿ ಸಿಕ್ಕರೆ ಅದರೊಳಗೆ ನೂಕುನುಗ್ಗಲೂ ಕೂಗಾಟವೂ ಇದೆಯೇ ಅಂತ ನೋಡಿಕೊಳ್ಳಬೇಕು.

ಇದೇ ಮನೆಯ ಇನ್ನೊಂದು ಪದ ‘ತುರ್ಬೋ’. ಸುಂಟರಗಾಳಿ, ಸುಳಿ, ಬುಗುರಿ, ಎಲ್ಲವೂ ಅದೇ. ರೋಮಿನ ಕವಿ ವರ್ಜಿಲ್ ತನ್ನ ‘ಈನಿಯಡ್’ ಕಾವ್ಯದ 7ನೇ ಭಾಗದಲ್ಲಿ ರಾಣಿ ಅಮಾತಾಳನ್ನು ಈ ಬುಗುರಿಗೆ ಹೋಲಿಸುತ್ತಾನೆ. ಅಲೆಕ್ತೋ ಎಂಬ ಉಗ್ರ ದೇವತೆ ಅವಳ ಮೈಯೊಳಗೆ ವಿಷ ಬಿಟ್ಟಿದ್ದಾಳೆ. ರಾಣಿ ಊರೆಲ್ಲ ಸುತ್ತುತ್ತಿದ್ದಾಳೆ. ಖಾಲಿ ಹಜಾರದಲ್ಲಿ ಹುಡುಗರು ಚಾಟಿಯಿಂದ ಹೊಡೆದು ಹೊಡೆದು ಮರದ ಬುಗುರಿ ತಿರುಗಿಸುತ್ತಾರಲ್ಲ, ಹಾಗೆ. ನಮ್ಮ ಹುಡುಗರು ಬುಗುರಿಗೆ ದಾರ ಸುತ್ತಿ ಎಸೆಯುತ್ತಾರೆ. ರೋಮಿನ ಬುಗುರಿಗೆ ಏಟು ಬೀಳುತ್ತಲೇ ಇರಬೇಕಿತ್ತು. ಏಟು ನಿಂತರೆ ಅದೂ ನಿಲ್ಲುತ್ತದೆ. ಅಮಾತಾಳ ಸ್ಥಿತಿ ಇದಕ್ಕಿಂತ ಸ್ಪಷ್ಟವಾಗಿ ಇನ್ನು ಹೇಗೆ ಹೇಳುವುದು? 1822ರಲ್ಲಿ ಫ್ರಾನ್ಸಿನ ಎಂಜಿನಿಯರ್ ಕ್ಲೋದ್ ಬುರ್ದೆಂ ನೀರಿನಿಂದ ತಿರುಗುವ ಯಂತ್ರಕ್ಕೆ ಈ ಪದದಿಂದಲೇ ‘ಟರ್ಬೈನ್’ ಎಂದು ಹೆಸರಿಟ್ಟ. ಕಾರಿನ ‘ಟರ್ಬೋ’ ಅದರ ಮರಿ.

ಈಗ ತುಮುಲ್ತುಸ್. ಹೆಸರು ಕೇಳಿದ ತಕ್ಷಣ ನಿಮಗೆ ಏನೋ ನೆನಪಾಗಿರಬೇಕಲ್ವಾ? ಹೌದು, ನಮ್ಮ ‘ತುಮುಲ’. ಗೀತೆಯ ಮೊದಲ ಅಧ್ಯಾಯದಲ್ಲಿ ಶಂಖ, ಭೇರಿಗಳೆಲ್ಲ ಒಟ್ಟಿಗೆ ಮೊಳಗಿದಾಗ ‘ಸ ಶಬ್ದಸ್ತುಮುಲೋಽಭವತ್’ ಎಂದು ಬರುತ್ತದೆ. ಸಂಸ್ಕೃತ ನಿಘಂಟು ಬರೆದವರು ತುಮುಲದ ಪಕ್ಕದಲ್ಲಿ ಲ್ಯಾಟಿನ್‌ನ ತುಮುಲ್ತುಸ್ಸನ್ನು ಇಟ್ಟು ತೋರಿಸುತ್ತಾ ಬಂದಿದ್ದಾರೆ. ಲ್ಯಾಟಿನ್‌ನಲ್ಲಿ ಇದನ್ನು ‘ತುಮೇರೆ’, ಅಂದರೆ ಊದಿಕೊಳ್ಳು ಎಂಬ ಮಾತಿನ ಜೊತೆ ಸೇರಿಸುತ್ತಾರೆ. ಡಾಕ್ಟರು ಹೇಳುವ ಟ್ಯೂಮರ್ ಕೂಡ ಅಲ್ಲಿಯದೇ. ಸದ್ದು ಊದುತ್ತದೆ, ಜನ ಉಬ್ಬುತ್ತಾರೆ, ಸಮುದ್ರ ಉಬ್ಬುತ್ತದೆ.

ಕನ್ನಡದಲ್ಲಿ ತುಮುಲ ಈಗ ಜಾಸ್ತಿ ಮನಸ್ಸಿನೊಳಗೇ ಉಳಿದಿದೆ. ‘ಮನದ ತುಮುಲ’ ಅನ್ನುತ್ತೇವೆ. ರೋಮಿನಲ್ಲಿ ಅದು ಬೀದಿಯ ಪದ, ಸೇನೆಯ ಪದ. ಅಷ್ಟೇ ಅಲ್ಲ, ಕಾನೂನಿನ ಪದವೂ ಹೌದು. ಇದನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು, ಯಾಕೆಂದರೆ ಅನುವಾದ ಮಾಡುವವರು ಎಡವುವುದು ಇಲ್ಲೇ.

ಕ್ರಿ.ಪೂ. 43ರ ಫೆಬ್ರವರಿ. ಮಾರ್ಕ್ ಆಂಟನಿ ಮುತಿನಾ ಊರಿಗೆ, ಅಂದರೆ ಇಂದಿನ ಇಟಲಿಯ ಮೋದೆನಾಕ್ಕೆ, ಮುತ್ತಿಗೆ ಹಾಕಿದ್ದಾನೆ. ರೋಮಿನ ಸೆನೆಟ್‌ನಲ್ಲಿ ದೊಡ್ಡ ಚರ್ಚೆ. ಇದನ್ನು ‘ಬೆಲ್ಲುಮ್’, ಅಂದರೆ ಯುದ್ಧ ಎಂದು ಕರೆಯಬೇಕೋ, ‘ತುಮುಲ್ತುಸ್’ ಎಂದು ಕರೆಯಬೇಕೋ? ಯುದ್ಧ ಅನ್ನುವುದು ಬಿರುಸಾಯಿತು, ತುಮುಲ್ತುಸ್ ಅಂದರೆ ಮೆತ್ತಗಿರುತ್ತದೆ ಅಂತ ಕೆಲವರ ಯೋಚನೆ. ಹೆಸರಾಂತ ಮಾತುಗಾರ, ಲೇಖಕ ಸಿಸೆರೊ ಎದ್ದು ನಿಂತ. ಇವರಿಗೆ ವಿಷಯವೂ ಗೊತ್ತಿಲ್ಲ, ಪದಗಳೂ ಗೊತ್ತಿಲ್ಲ ಎಂದ. ತುಮುಲ್ತುಸ್ ಇಲ್ಲದೆ ಯುದ್ಧ ಇರಬಹುದು, ಯುದ್ಧವಿಲ್ಲದೆ ತುಮುಲ್ತುಸ್ ಇರಲಾರದು ಎಂದ. ಹಿರಿಯರು ಈ ಪದವನ್ನು ಎರಡೇ ಸಂದರ್ಭಕ್ಕೆ ಇಟ್ಟುಕೊಂಡಿದ್ದರು: ಇಟಲಿಯೊಳಗೇ ಎದ್ದ ದಂಗೆ, ಇಲ್ಲವೇ ಗಡಿಗೆ ಅಂಟಿಕೊಂಡ ಗಾಲ್ ಕಡೆಯಿಂದ ಬಂದ ಆಪತ್ತು. ಅಂದರೆ ಬೆಂಕಿ ಮನೆಯಲ್ಲೇ ಬಿದ್ದಿರಬೇಕು ಅಥವಾ ಪಕ್ಕದ ಮನೆಯಲ್ಲಿ. ಅದಕ್ಕೆ ಅವನು ಕೊಟ್ಟ ಸಾಕ್ಷಿ ಇನ್ನೂ ಗಟ್ಟಿ. ಯುದ್ಧದ ಹೊತ್ತಿನಲ್ಲಿ ಸೇನೆಗೆ ಸೇರುವುದರಿಂದ ಕೆಲವರಿಗೆ ವಿನಾಯಿತಿ ಇರುತ್ತದೆ. ತುಮುಲ್ತುಸ್ ಸಾರಿದರೆ ಆ ವಿನಾಯಿತಿ ನಡೆಯುವುದಿಲ್ಲ.

ಹಾಗಾಗಿ ರೋಮಿನ ಚರಿತ್ರೆಯ ಪುಸ್ತಕದಲ್ಲಿ ‘ತುಮುಲ್ತುಸ್ ಗಾಲ್ಲಿಕುಸ್’ ಎಂದು ಸಿಕ್ಕರೆ ‘ಗಾಲರ ಗದ್ದಲ’ ಅಂತ ಬರೆದುಬಿಡಬೇಡಿ. ಅದು ಎಲ್ಲರೂ ಕೈಗೆ ಸಿಕ್ಕಿದ್ದು ಹಿಡಿದು ಬನ್ನಿ ಎಂಬ ಕರೆ. ಬೀದಿ ಜಗಳಕ್ಕೂ ಗುಡುಗಿನ ಸದ್ದಿಗೂ ಇದೇ ಪದ ಬಳಸುತ್ತಿದ್ದರು, ನಿಜ. ಆದರೆ ಮಾತಾಡುತ್ತಿರುವವನು ಸೆನೆಟರ್ ಆದರೆ ಹುಷಾರಾಗಿರಿ.

‘ಸೇದಿತಿಯೋ’ ನಿಮ್ಮ ಪಟ್ಟಿಯಲ್ಲಿಲ್ಲ, ಆದರೂ ಇಲ್ಲೇ ಹೇಳಿಬಿಡುತ್ತೇನೆ. ‘ಸೇದ್’ ಅಂದರೆ ಬೇರೆಯಾಗಿ, ‘ಇತಿಯೋ’ ಅಂದರೆ ಹೋಗುವುದು. ಜನ ಒಡೆದು ಬೇರೆ ಬೇರೆ ಗುಂಪಾಗಿ ನಡೆಯುವುದೇ ಸೇದಿತಿಯೋ ಎಂದು ಸಿಸೆರೊ ಬಿಡಿಸಿ ಹೇಳಿದ್ದಾನೆ. ಇಂಡಿಯನ್ ಪೀನಲ್ ಕೋಡ್‌ಗೆ 1870ರಲ್ಲಿ ಸೇರಿಸಿದ 124ಎ ಕಲಮಿನ ‘ಸೆಡಿಷನ್’ ಇದರಿಂದಲೇ ಬಂದದ್ದು. ನಾವು ಅದನ್ನು ‘ರಾಜದ್ರೋಹ’ ಎಂದು ಕರೆದೆವು. ಮೂಲ ಪದದಲ್ಲಿ ರಾಜನೂ ಇಲ್ಲ, ದ್ರೋಹವೂ ಇಲ್ಲ. ಒಟ್ಟಿಗಿದ್ದವರು ದೂರ ನಡೆದದ್ದು ಮಾತ್ರ ಇದೆ.

ಮೋತುಸ್ ಎಂದರೆ ಬರೀ ಚಲನೆ. ಯಾವುದಕ್ಕೂ ಹೊಂದಿಕೊಳ್ಳುತ್ತದೆ. ಭೂಕಂಪ ‘ತೆರ್ರೈ ಮೋತುಸ್’, ಮನಸ್ಸಿನ ಭಾವ ‘ಅನಿಮೀ ಮೋತುಸ್’, ರಾಜ್ಯದ ಅಶಾಂತಿಯೂ ಮೋತುಸ್. ನಮ್ಮ ‘ಚಳವಳಿ’ಯೊಳಗೂ ಚಲನೆಯೇ ಇದೆ ನೋಡಿ. ಇದೇ ಬೇರಿನಿಂದ ‘ಮೋಬಿಲೆ ವುಲ್ಗುಸ್’ ಎಂಬ ಮಾತು ಹುಟ್ಟಿತು. ನಿಂತಲ್ಲಿ ನಿಲ್ಲದ ಜನ, ಗಾಳಿ ಬಂದ ಕಡೆ ವಾಲುವ ಜನ ಎಂದು ಅರ್ಥ. 17ನೇ ಶತಮಾನದ ಇಂಗ್ಲಿಷಿನವರು ಅದನ್ನು ಕತ್ತರಿಸಿ ‘ಮಾಬ್’ ಮಾಡಿಕೊಂಡರು. ನಿಮ್ಮ ಜೇಬಿನಲ್ಲಿರುವ ಮೊಬೈಲ್ ಕೂಡ ಆ ‘ಮೋಬಿಲೆ’ಯೇ.

ಅಗಿತಾತಿಯೋದ ಹಿಂದೆ ದನ ಅಟ್ಟುವವನಿದ್ದಾನೆ. ‘ಅಗೋ’ ಅಂದರೆ ಅಟ್ಟು, ಓಡಿಸು. ಸಂಸ್ಕೃತದ ‘ಅಜತಿ’ ಇದರ ಅಕ್ಕತಂಗಿ. ಅದನ್ನೇ ಮತ್ತೆ ಮತ್ತೆ ಮಾಡಿದರೆ ‘ಅಗಿತಾರೆ’. ಒಂದು ಸಲ ಅಟ್ಟಿ ಬಿಡುವುದಲ್ಲ, ನಿಲ್ಲಲು ಬಿಡದೆ ಅಟ್ಟುತ್ತಲೇ ಇರುವುದು. ತಾಯಿಯನ್ನು ಕೊಂದ ಒರೆಸ್ತೆಸ್‌ನನ್ನು ಸೇಡಿನ ದೇವತೆಗಳು ಬೆನ್ನಟ್ಟಿದ ಕಥೆ ಇದೆಯಲ್ಲ, ವರ್ಜಿಲ್ ಅವನನ್ನು ‘ಅಗಿತಾತುಸ್ ಒರೆಸ್ತೆಸ್’ ಎನ್ನುತ್ತಾನೆ. ಹಾಗಾಗಿ ಈ ಪದ ಬಳಸಿದಾಗ ಹಿಂದೆ ಯಾರೋ ಇದ್ದಾರೆ ಎಂದಾಗುತ್ತದೆ. ಗಾಳಿ ಇರಬಹುದು, ಬೇಟೆಗಾರ ಇರಬಹುದು, ಪಾಪಪ್ರಜ್ಞೆ ಇರಬಹುದು. ಯಾರೂ ಅಟ್ಟದೆ ತನ್ನಷ್ಟಕ್ಕೆ ಕಳವಳಗೊಂಡ ಮನಸ್ಸಿಗೆ ಇದು ಅಷ್ಟಾಗಿ ಒಗ್ಗುವುದಿಲ್ಲ. ಇನ್ನೊಂದು ಸೊಗಸು ಇದೆ. ‘ಕೋ’ ಸೇರಿಸಿ ‘ಕೋ-ಅಗಿತಾರೆ’ ಮಾಡಿದರೆ ‘ಕೋಗಿತಾರೆ’ ಆಯಿತು. ಅಂದರೆ ಯೋಚಿಸು. ಲ್ಯಾಟಿನ್‌ನವನಿಗೆ ಯೋಚನೆ ಅಂದರೆ ತಲೆಯೊಳಗಿನ ಮಂದೆಯನ್ನು ಒಂದು ಕಡೆ ಅಟ್ಟಿ ತರುವ ಕೆಲಸ. ಈ ಪದದಲ್ಲಿ ಅದೇ ಅಲ್ಲಾಟ ಹದಕ್ಕೆ ಬಂದಿದೆ.

ಪೆರ್ತುರ್ಬಾತಿಯೋ ಬಗ್ಗೆ ನಿಮಗೆ ಜಾಸ್ತಿ ಗೊಂದಲ ಇದ್ದಹಾಗಿದೆ. ಇದು ತುರ್ಬಾದ ಮಗಳೇ. ಮುಂದೆ ‘ಪೆರ್’ ಬಂದಿದೆ. ಪೂರ್ತಿಯಾಗಿ, ತಳದವರೆಗೂ ಕದಡುವುದು. ಇದನ್ನು ಮನಸ್ಸಿನ ಶಾಸ್ತ್ರಕ್ಕೆ ಗಟ್ಟಿಯಾಗಿ ತಂದುಕೊಟ್ಟವನು ಸಿಸೆರೊ. ಕ್ರಿ.ಪೂ. 45ರ ಆರಂಭದಲ್ಲಿ ಅವನ ಪ್ರೀತಿಯ ಮಗಳು ತುಲ್ಲಿಯಾ ತೀರಿಕೊಂಡಳು. ಅದೇ ವರ್ಷ ಅವನು ‘ತುಸ್ಕುಲಾನದ ಚರ್ಚೆಗಳು’ ಬರೆದ. ದುಃಖ, ಭಯ ಇವುಗಳನ್ನು ಎದುರಿಸುವುದು ಹೇಗೆ ಎಂಬ ಪುಸ್ತಕ. ಗ್ರೀಕ್ ತತ್ವಜ್ಞಾನಿಗಳು ಇವಕ್ಕೆ ‘ಪಾಥೋಸ್’ ಅನ್ನುತ್ತಿದ್ದರು. ಪದಕ್ಕೆ ಪದ ಇಟ್ಟರೆ ಲ್ಯಾಟಿನ್‌ನಲ್ಲಿ ‘ಮೊರ್ಬುಸ್’, ಅಂದರೆ ರೋಗ ಎಂದಾಗುತ್ತದೆ. ಸಿಸೆರೊ ಅದನ್ನು ಒಪ್ಪಲಿಲ್ಲ. ಕನಿಕರ, ಅಸೂಯೆ, ಸಂತೋಷ ಇವನ್ನೆಲ್ಲ ರೋಗ ಅನ್ನುವುದು ನಮ್ಮ ಭಾಷೆಯ ರೂಢಿಗೆ ಹೊಂದದು, ‘ಪೆರ್ತುರ್ಬಾತಿಯೋ’ ಅನ್ನೋಣ ಎಂದ. ಎರಡು ಸಾವಿರ ವರ್ಷದ ಹಿಂದಿನ ಅನುವಾದಕನೊಬ್ಬ ನಿಮ್ಮ ಹಾಗೆಯೇ ಒಂದು ಪದದ ಮುಂದೆ ನಿಂತು ಯೋಚಿಸುತ್ತಿದ್ದ. ನನಗೆ ಆ ಪುಟ ಬಹಳ ಇಷ್ಟ.

ಆ ಪುಸ್ತಕದ 4ನೇ ಭಾಗದಲ್ಲಿ ಅವನು ಭಯವನ್ನೂ ದುಃಖವನ್ನೂ ಎಳೆ ಎಳೆಯಾಗಿ ಬಿಡಿಸುತ್ತಾನೆ. ನಿಮ್ಮ ನಿಘಂಟು ಮಾಡದ ಕೆಲಸ ಅಲ್ಲಿದೆ. ‘ಪಾವೋರ್’ ಎಂದರೆ ಬುದ್ಧಿಯನ್ನು ಅದರ ಜಾಗದಿಂದ ಕದಲಿಸುವ ಭಯ. ‘ಕೊಂತುರ್ಬಾತಿಯೋ’ ಎಂದರೆ ಯೋಚಿಸಿ ಇಟ್ಟುಕೊಂಡದ್ದನ್ನೆಲ್ಲ ಕೊಡವಿ ಆಚೆ ಹಾಕುವ ಭಯ. ಪರೀಕ್ಷೆಯ ಹಾಲ್‌ನಲ್ಲಿ ಪ್ರಶ್ನೆಪತ್ರಿಕೆ ಕೈಗೆ ಬಂದ ಕೂಡಲೇ ಓದಿದ್ದೆಲ್ಲ ಮರೆತುಹೋಗುತ್ತದಲ್ಲ, ಅದೇ. ‘ಅಂಗೋರ್’ ಎಂದರೆ ಒತ್ತುವ ದುಃಖ. ಅದು ಕತ್ತು ಹಿಸುಕುವುದು ಎಂಬ ಅರ್ಥದ ‘ಅಂಗೆರೆ’ಯಿಂದ ಬಂದದ್ದು. ಎದೆನೋವಿಗೆ ಹೇಳುವ ಆಂಜೈನಾ, ಈಗ ಎಲ್ಲರ ಬಾಯಲ್ಲಿರುವ ಆಂಗ್ಸೈಟಿ, ಎರಡೂ ಆ ಬಿಗಿತದ ಮಕ್ಕಳು. ‘ಸೊಲ್ಲಿಕಿತೂದೋ’ ಎಂದರೆ ಯೋಚನೆ ಹಚ್ಚಿಕೊಂಡ ದುಃಖ. ‘ಸೊಲ್ಲುಸ್’ ಅಂದರೆ ಇಡೀ, ‘ಕಿತುಸ್’ ಅಂದರೆ ಅಲುಗಾಡಿಸಿದ್ದು. ಮೈಯೆಲ್ಲ ಅಲುಗಿದಂತೆ. ಮಗಳು ರಾತ್ರಿ ಬಸ್ಸಿನಲ್ಲಿ ಹೊರಟಿದ್ದಾಳೆ, ಬೆಳಿಗ್ಗೆ ಫೋನ್ ಬರುವವರೆಗೂ ಅಮ್ಮನಿಗೆ ಇರುವುದು ಸೊಲ್ಲಿಕಿತೂದೋ. ಬೇರೆಯವರ ಚಿಂತೆಯನ್ನು ತನ್ನದಾಗಿಸಿಕೊಂಡು ಓಡಾಡುವವನಿಗೆ ಮುಂದೆ ‘ಸಾಲಿಸಿಟರ್’ ಎಂದು ಹೆಸರಾಯಿತು.

ತ್ರೆಪಿದಾತಿಯೋ ಸುಲಭ. ಗಾಬರಿಯಲ್ಲಿ ಕೈಕಾಲು ಆಡುವುದು, ಅತ್ತ ಇತ್ತ ಓಡುವುದು, ತಡಬಡಾಯಿಸುವುದು. ಅದು ಕಣ್ಣಿಗೆ ಕಾಣುವ ಕಳವಳ. ಕೂತಲ್ಲೇ ಕೂತಿರುವವನಿಗೆ ಹೇಳಬೇಡಿ.

ನೀವು ಕೇಳದಿದ್ದರೂ ‘ವೆಕ್ಸಾರೆ’ ಬಗ್ಗೆ ಹೇಳಬೇಕು. ಇದನ್ನು ಓದುವವರು ‘ಕಿರಿಕಿರಿ ಮಾಡು’ ಎಂದು ಬರೆದು ಮುಂದೆ ಹೋಗುವುದನ್ನು ನೋಡಿ ನನಗೆ ಬೇಜಾರಾಗಿದೆ. ಈ ತಪ್ಪು ಹಳೆಯದು. ವರ್ಜಿಲ್ ಒಂದು ಕಡೆ ಸ್ಕಿಲ್ಲಾ ಎಂಬ ರಕ್ಕಸಿ ಹಡಗುಗಳನ್ನು ‘ವೆಕ್ಸಾರೆ’ ಮಾಡಿದಳು ಎಂದು ಬರೆದ. ಅಷ್ಟು ಭೀಕರ ಘಟನೆಗೆ ಇದು ಹಗುರವಾದ ಪದ ಅಂತ ಕೆಲವು ವಿಮರ್ಶಕರು ಆಕ್ಷೇಪ ಎತ್ತಿದರು. 2ನೇ ಶತಮಾನದ ಔಲುಸ್ ಗೆಲ್ಲಿಯಸ್ ಅವರಿಗೆ ಉತ್ತರ ಕೊಟ್ಟ. ಈ ಪದ ‘ವೆಹೆರೆ’ಯಿಂದ ಬಂದದ್ದು, ಅಂದರೆ ಹೊತ್ತುಕೊಂಡು ಹೋಗು. ನಮ್ಮ ವಹಿಸು, ವಾಹನ ಎಲ್ಲ ಆ ಬೇರಿಗೇ ಸೇರಿದವು. ಬೇರೆಯವರು ಹೊತ್ತೊಯ್ಯುವಾಗ ನಾವು ನಮ್ಮ ಕೈಯಲ್ಲಿ ಇರುವುದಿಲ್ಲ. ಯಾರನ್ನು ಹೊತ್ತು, ಎಳೆದಾಡಿ, ಅತ್ತಿಂದಿತ್ತ ಜಗ್ಗುತ್ತಾರೋ ಅವನಿಗೆ ಮಾತ್ರ ಈ ಪದ ಸರಿಯಾಗಿ ಸಲ್ಲುತ್ತದೆ ಎಂದ ಗೆಲ್ಲಿಯಸ್. ಅವನ ವಾದ ನನಗೆ ಪೂರ್ತಿ ಒಪ್ಪಿಗೆ. ರೋಮಿನ ತತ್ವಜ್ಞಾನಿ ಸೆನೆಕ ಬರೆದ ಮನಶ್ಶಾಂತಿಯ ಪುಸ್ತಕದಲ್ಲಿ ಸೆರೆನುಸ್ ಎಂಬ ಗೆಳೆಯ ತನ್ನ ಸ್ಥಿತಿ ಹೇಳಿಕೊಳ್ಳುತ್ತಾನೆ. ‘ನೋನ್ ತೆಂಪೆಸ್ತಾತೆ ವೆಕ್ಸೋರ್ ಸೆದ್ ನೌಸೆಆ’. ನನ್ನನ್ನು ಎಳೆದಾಡುತ್ತಿರುವುದು ಬಿರುಗಾಳಿ ಅಲ್ಲ, ಹಡಗಿನ ಹೊಟ್ಟೆತೊಳಸು. ದೊಡ್ಡ ಆಪತ್ತೇನೂ ಇಲ್ಲ, ಆದರೂ ಒಳಗೆ ಸರಿಯಿಲ್ಲ ಅನ್ನುವ ಸಂಕಟ. ‘ಕಿರಿಕಿರಿಯಾಗಿದೆ’ ಎಂದು ಬರೆದರೆ ಈ ಹಡಗೇ ಮುಳುಗಿಹೋಗುತ್ತದೆ.

ಇನ್ನು ನಿಮ್ಮ ಸಾಲು. ‘ಹೊಯ್ದಾಡು’ ಎಂದು ಬರೆದಿದ್ದೀರಿ. ದೋಣಿ ಹೊಯ್ದಾಡುತ್ತದೆ. ಗಾಳಿಗೆ ದೀಪ ಹೊಯ್ದಾಡುತ್ತದೆ. ಲ್ಯಾಟಿನ್‌ನಲ್ಲಿ ಇದಕ್ಕೆ ‘ಫ್ಲುಕ್ತುಆರೆ’ ಇದೆ. ‘ಫ್ಲುಕ್ತುಸ್’ ಅಂದರೆ ಅಲೆ. ಕವಿಗಳು ಈ ಪದವನ್ನು ಒಬ್ಬರಿಂದೊಬ್ಬರು ಪಡೆದು ಬಳಸುತ್ತಾ ಬಂದಿದ್ದಾರೆ. ಕತುಲ್ಲುಸ್‌ನ ಒಂದು ಕವಿತೆಯಲ್ಲಿ ಅರಿಯಾದ್ನೆ ದಡದಲ್ಲಿ ನಿಂತು, ತನ್ನನ್ನು ಬಿಟ್ಟು ಹೋಗುತ್ತಿರುವ ಹಡಗನ್ನು ನೋಡುತ್ತಾಳೆ. ‘ಮಾಗ್ನೀಸ್ ಕೂರಾರುಮ್ ಫ್ಲುಕ್ತುಅತ್ ಉಂದೀಸ್’. ಚಿಂತೆಗಳ ದೊಡ್ಡ ಅಲೆಗಳಲ್ಲಿ ಹೊಯ್ದಾಡುತ್ತಾಳೆ. ಎದುರಿಗೆ ಸಮುದ್ರ, ಒಳಗೂ ಸಮುದ್ರ.

ವರ್ಜಿಲ್ ಆ ಸಾಲನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಂತಿದೆ. ‘ಈನಿಯಡ್’ನ 4ನೇ ಭಾಗದಲ್ಲಿ ರಾತ್ರಿ. ಎಲ್ಲ ಜೀವಿಗಳೂ ಮಲಗಿವೆ. ಪ್ರಿಯಕರ ಬಿಟ್ಟು ಹೊರಟಿರುವ ರಾಣಿ ದೀದೋಗೆ ಮಾತ್ರ ನಿದ್ದೆ ಇಲ್ಲ. ಅವಳು ‘ಮಾಗ್ನೋಕ್ವೆ ಈರಾರುಮ್ ಫ್ಲುಕ್ತುಅತ್ ಐಸ್ತೂ’, ಸಿಟ್ಟಿನ ದೊಡ್ಡ ಉಬ್ಬರದಲ್ಲಿ ಹೊಯ್ದಾಡುತ್ತಾಳೆ. 8ನೇ ಭಾಗದಲ್ಲಿ ಅವಳನ್ನು ಬಿಟ್ಟು ಬಂದ ಕಥಾನಾಯಕ ಈನಿಯಾಸ್‌ನ ಸರದಿ. ಎದುರಿಗೆ ಯುದ್ಧ ಕಾದಿದೆ. ‘ಮಾಗ್ನೋ ಕೂರಾರುಮ್ ಫ್ಲುಕ್ತುಅತ್ ಐಸ್ತೂ’. ಅದೇ ಸಾಲು, ಸಿಟ್ಟು ಇದ್ದ ಜಾಗದಲ್ಲಿ ಚಿಂತೆ. ‘ಐಸ್ತುಸ್’ ಅಂದರೆ ಕುದಿ, ಬೇಗೆ, ಸಮುದ್ರದ ಉಬ್ಬರ. ಕಾವೂ ನೀರೂ ಒಂದೇ ಪದದಲ್ಲಿ. ಅವಳ ಸಂಕಟ ನಾಲ್ಕು ಭಾಗ ದಾಟಿ ಅವನ ಎದೆಗೆ ಬಂದಿದೆ. ಕವಿ ಅದನ್ನು ಎಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ. ಒಂದು ಪದ ಬದಲಿಸಿ ಸುಮ್ಮನಾಗುತ್ತಾನೆ.

ಅಲ್ಲೇ ಮುಂದಿನ ಸಾಲುಗಳಲ್ಲಿ ಒಂದು ಹೋಲಿಕೆ ಬರುತ್ತದೆ. ಕಂಚಿನ ಪಾತ್ರೆಯಲ್ಲಿ ನೀರು ತುಂಬಿದೆ. ಸೂರ್ಯನ ಬೆಳಕೋ ಚಂದ್ರನ ಬೆಳಕೋ ಅದರ ಮೇಲೆ ಬಿದ್ದಿದೆ. ನೀರು ನಡುಗಿದಂತೆ ಬೆಳಕಿನ ತುಣುಕು ಕೋಣೆಯೆಲ್ಲ ಹಾರಾಡಿ, ಮೇಲೆದ್ದು, ಮಾಡಿನ ಹಲಗೆಗೆ ತಾಗುತ್ತದೆ. ಈನಿಯಾಸ್‌ನ ಮನಸ್ಸು ಹಾಗೆ ಅಲ್ಲೊಮ್ಮೆ ಇಲ್ಲೊಮ್ಮೆ ಹಾರುತ್ತಿದೆ. ನಮ್ಮ ಹಳೆಯ ಮನೆಯ ಬಚ್ಚಲಲ್ಲಿ ತಾಮ್ರದ ಹಂಡೆ ಇತ್ತು. ಬೆಳಗಿನ ಬಿಸಿಲು ಕಿಟಕಿಯಿಂದ ನೇರ ಅದರೊಳಗೆ ಬೀಳುತ್ತಿತ್ತು. ಒಂದು ಚೊಂಬು ನೀರು ತೆಗೆದರೆ ಸಾಕು, ಜಂತೆಯ ಮೇಲೆ ಬೆಳಕು ಹುಚ್ಚು ಹಿಡಿದಂತೆ ಕುಣಿಯುತ್ತಿತ್ತು. ಆ ಸಾಲುಗಳನ್ನು ನಾನು ಅರ್ಥ ಮಾಡಿಕೊಂಡದ್ದು ಆ ಹಂಡೆಯಿಂದ.

ನಿಮ್ಮ ವಾಕ್ಯದಲ್ಲಿ ಜನವಿಲ್ಲ, ಹಾಗಾಗಿ ತುಮುಲ್ತುಸ್ ಬೇಡ. ಬೆನ್ನಟ್ಟುವವರಿಲ್ಲ, ಹಾಗಾಗಿ ಅಗಿತಾರೆ ಬೇಡ. ಪೆರ್ತುರ್ಬಾತಿಯೋ ಹಾಕಿದರೆ ಅದು ತತ್ವಶಾಸ್ತ್ರದ ಪಾಠದಂತಾಗುತ್ತದೆ. ರಾತ್ರಿ ಇದೆ, ನಿದ್ದೆ ಇಲ್ಲ, ಮನಸ್ಸು ಒಂದು ದಡಕ್ಕೂ ಹತ್ತುತ್ತಿಲ್ಲ. ಹೀಗೆ ಬರೆಯಿರಿ: ‘ತೋತಮ್ ನೊಕ್ತೆಮ್ ಅನಿಮುಸ್ ಫ್ಲುಕ್ತುಆಬಾತ್’. ಕಾರಣ ಚಿಂತೆಯೇ ಆಗಿದ್ದರೆ ‘ಕೂರೀಸ್’ ಎಂಬ ಒಂದು ಪದವನ್ನು ಕ್ರಿಯಾಪದದ ಮೊದಲು ಸೇರಿಸಿ. ಸಿಟ್ಟಾಗಿದ್ದರೆ ‘ಈರಾ’, ಕೊನೆಯ ಆಕಾರ ಎಳೆದು.